ಅಡಿಕೆ ಕಡಿಯಲಾ, ಇಟ್ಟುಕೊಳ್ಳಲಾ? ರಾತ್ರಿಯ ಹುಡುಕಾಟದಲ್ಲಿ ಉತ್ತರ ಯಾಕೆ ಸಿಗುತ್ತಿಲ್ಲ

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಸಣ್ಣ ಅಡಿಕೆ ತೋಟ. ಅಪ್ಪ ಹಾಕಿದ್ದು. ಎಲೆಚುಕ್ಕಿ ರೋಗ ಶುರುವಾಗಿ ಎರಡು ವರ್ಷ ಆಯಿತು, ಕಳೆದ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಮಹಾಳಿ ರೋಗವೂ ಸೇರಿತು. ಒಂದು ದಿನ ಎಲ್ಲ ಕಡಿದು ರಬ್ಬರ್ ಹಾಕೋಣ ಅನಿಸುತ್ತದೆ. ಧಾರಣೆ ಏರಿದ ದಿನ ಬೇಡ ಅನಿಸುತ್ತದೆ. ರಾತ್ರಿ ಊಟ ಆದ ಮೇಲೆ ಮೊಬೈಲ್ ಹಿಡಿದರೆ ಹನ್ನೆರಡರವರೆಗೆ ವಿಡಿಯೋ, ವಾಟ್ಸಾಪ್, ಲೇಖನ ನೋಡುತ್ತಲೇ ಇರುತ್ತೇನೆ. ಇಷ್ಟು ಓದಿದರೂ ತೀರ್ಮಾನ ಆಗುತ್ತಿಲ್ಲ. ಹೆಂಡತಿ "ನಿಮಗೆ ಬೇಕಾದ್ದನ್ನೇ ಹುಡುಕುತ್ತೀರಿ" ಅನ್ನುತ್ತಾಳೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನಿಗೂ ಪಾಲು ಇದೆ. ನಾನು ಸರಿಯಾಗಿ ಯೋಚಿಸುತ್ತಿದ್ದೇನಾ ಅಂತ ತಿಳಿಯುವುದು ಹೇಗೆ?

ಉತ್ತರ: ಕಡಿಯಬೇಕೋ ಬೇಡವೋ ಅಂತ ನಾನು ಹೇಳುವುದಿಲ್ಲ. ಅದನ್ನು ನಿಮ್ಮ ತೋಟಕ್ಕೆ ಬಂದು ಸೋಗೆ, ಬೇರು, ಮಣ್ಣು ನೋಡಿದವರೇ ಹೇಳಬೇಕು. ನಾನು ಕಲಿತದ್ದು, ಕಲಿಸುವುದು ಜನ ಹೇಗೆ ತೀರ್ಮಾನಕ್ಕೆ ಬರುತ್ತಾರೆ ಅನ್ನುವ ವಿಷಯ. ಆ ಕಡೆಯಿಂದ ನೋಡಿದರೆ ನಿಮ್ಮ ಪತ್ರದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ನಿಮಗೆ ಮಾಹಿತಿ ಕಡಿಮೆ ಆಗಿಲ್ಲ. ರಾತ್ರಿ ಹನ್ನೆರಡರವರೆಗೆ ನಡೆಯುವ ಹುಡುಕಾಟ ಹೆಚ್ಚಾಗಿ ಆ ಹೊತ್ತಿನ ಸಂಕಟ ಇಳಿಸಲಿಕ್ಕೆ ನಡೆಯುತ್ತಿದೆ. ತೋಟದ ತೀರ್ಮಾನಕ್ಕಾಗಿ ಹುಡುಕುವುದೂ, ಸಂಕಟ ಇಳಿಸಲು ಹುಡುಕುವುದೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ಎರಡರಲ್ಲೂ ಮನುಷ್ಯ ಮೊಬೈಲ್ ಹಿಡಿದು ಓದುತ್ತಿರುತ್ತಾನೆ. ಆದರೆ ಸಂಕಟಕ್ಕಾಗಿ ನಡೆಯುವ ಹುಡುಕಾಟ ಸಮಾಧಾನ ಸಿಕ್ಕಿದ ಕೂಡಲೇ ನಿಲ್ಲುತ್ತದೆ, ಮರುದಿನ ಸಂಕಟ ವಾಪಸ್ ಬಂದಾಗ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೇ ನಿಮ್ಮದು ಮುಗಿಯುತ್ತಿಲ್ಲ.

ಮೊದಲು ಮೂಡಿನ ವಿಷಯ ನೋಡೋಣ.

ಮನಸ್ಸು ಸರಿ ಇಲ್ಲದಾಗ ಎಲ್ಲವೂ ಕೆಟ್ಟದಾಗಿ ಕಾಣುತ್ತದೆ, ಇದು ಎಲ್ಲರಿಗೂ ಗೊತ್ತು. ಅದು ಹೇಗೆ ಆಗುತ್ತದೆ ಅನ್ನುವುದು ಸ್ವಲ್ಪ ಬೇರೆ. ಇದರ ಬಗ್ಗೆ ನಾರ್ಬರ್ಟ್ ಶ್ವಾರ್ಜ್ ಮತ್ತು ಜೆರಾಲ್ಡ್ ಕ್ಲೋರ್ 1983ರಲ್ಲಿ ಒಂದು ಪ್ರಸಿದ್ಧ ಅಧ್ಯಯನ ಪ್ರಕಟಿಸಿದರು. ಬಿಸಿಲಿನ ದಿನ ಮತ್ತು ಮಳೆಯ ದಿನ ಜನರಿಗೆ ಫೋನ್ ಮಾಡಿ, ನಿಮ್ಮ ಬದುಕು ಒಟ್ಟಾರೆ ಹೇಗಿದೆ ಅಂತ ಕೇಳಿದರು. ಮಳೆಯ ದಿನ ಮಾತಾಡಿದವರು ತಮ್ಮ ಇಡೀ ಬದುಕಿಗೇ ಕಡಿಮೆ ಅಂಕ ಕೊಟ್ಟರು. ಆದರೆ ಕೆಲವರ ಹತ್ತಿರ ಮೊದಲು "ಅಲ್ಲಿ ಹವಾಮಾನ ಹೇಗಿದೆ" ಅಂತ ಕೇಳಿ ಆಮೇಲೆ ಅದೇ ಪ್ರಶ್ನೆ ಕೇಳಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಬೇಜಾರಿಗೆ ಕಾರಣ ಮಳೆ ಅಂತ ಹೊಳೆದ ಕೂಡಲೇ ಜನ ಅದನ್ನು ಬದುಕಿನ ಲೆಕ್ಕದಿಂದ ಹೊರಗಿಟ್ಟರು. ಆಮೇಲೆ ಬಂದ ತುಂಬಾ ದೊಡ್ಡ ಸಮೀಕ್ಷೆಗಳಲ್ಲಿ ಹವಾಮಾನದ ಪರಿಣಾಮ ಹಾಗೆ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಅಲ್ಲಿನ ಮುಖ್ಯ ವಿಚಾರ ಬೇರೆ ಬೇರೆ ರೀತಿಯ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬಂದಿದೆ: ಎಲ್ಲಿಂದಲೋ ಬಂದ ಮೂಡನ್ನು ನಾವು ಎದುರಿಗಿರುವ ವಿಷಯದ ಸಾಕ್ಷಿ ಅಂತ ಓದುತ್ತೇವೆ. ಅದೇ 1983ರಲ್ಲಿ ಎರಿಕ್ ಜಾನ್ಸನ್ ಮತ್ತು ಅಮೋಸ್ ಟ್ವರ್ಸ್ಕಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಒಂದು ಸಾವಿನ ಪತ್ರಿಕಾ ವರದಿ ಓದಿದವರು ಆ ಸಾವಿಗೆ ಸಂಬಂಧವೇ ಇಲ್ಲದ ಅಪಾಯಗಳನ್ನೂ ಜಾಸ್ತಿ ಅಂತ ಅಂದಾಜು ಮಾಡಿದ್ದು ಅಲ್ಲಿ ಕಂಡುಬಂತು.

ಈಗ ನಿಮ್ಮ ರಾತ್ರಿಯನ್ನು ನೋಡಿ. ಮೊದಲ ವಿಡಿಯೋದಲ್ಲಿ ಸೋಗೆ ಒಣಗಿ ಬೋಳಾಗಿ ನಿಂತ ತೋಟ. ಅದನ್ನು ನೋಡಿದ ಮೇಲೆ ಧಾರಣೆ, ಕೂಲಿ, ಸಾಲ, ಮಕ್ಕಳ ಓದು ಎಲ್ಲವೂ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ ಕಾಣುತ್ತದೆ. ಅವುಗಳ ಬಗ್ಗೆ ಹೊಸದಾಗಿ ಏನೂ ಗೊತ್ತಾಗಿರುವುದಿಲ್ಲ. ಬದಲಾದದ್ದು ನಿಮ್ಮ ಮೂಡು ಮಾತ್ರ.

ಬೇಸರ, ಭಯ, ಸಿಟ್ಟು ಮೂರನ್ನೂ ನಾವು 'ಮನಸ್ಸು ಸರಿ ಇಲ್ಲ' ಅಂತ ಒಂದೇ ಚೀಲಕ್ಕೆ ಹಾಕುತ್ತೇವೆ. ನನ್ನ ಪ್ರಕಾರ ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇವು ಮೂರನ್ನೂ ಬಿಡಿಸಿ ನೋಡುವುದು. ರಾಜಗೋಪಾಲ್ ರಘುನಾಥನ್ ಮತ್ತು ಮಿಶೆಲ್ ಫಾಮ್ 1999ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಸಂಬಳ ಜಾಸ್ತಿ ಆದರೆ ಭದ್ರತೆ ಇಲ್ಲದ ಕೆಲಸ ಒಂದು, ಸಂಬಳ ಕಡಿಮೆ ಆದರೆ ಭದ್ರವಾದ ಕೆಲಸ ಇನ್ನೊಂದು. ಬೇಸರದಲ್ಲಿದ್ದವರು ಮೊದಲನೆಯ ಕಡೆ ವಾಲಿದರು, ಆತಂಕದಲ್ಲಿದ್ದವರು ಎರಡನೆಯ ಕಡೆ. ಬೇಸರ ಅಂದರೆ ಏನೋ ಕಳೆದುಹೋಗಿದೆ ಅನ್ನುವ ಭಾವ, ಹಾಗಾಗಿ ಮನಸ್ಸು ಆ ಜಾಗ ತುಂಬಲು ದೊಡ್ಡದೇನನ್ನೋ ಹುಡುಕುತ್ತದೆ. ಆತಂಕಕ್ಕೆ ಬೇಕಾದದ್ದು ಅನಿಶ್ಚಿತತೆ ಕಡಿಮೆಯಾಗುವುದು, ಅಷ್ಟೇ. ಸಿಟ್ಟು ಇನ್ನೊಂದು ದಾರಿ ಹಿಡಿಯುತ್ತದೆ. ಜೆನಿಫರ್ ಲರ್ನರ್ ಮತ್ತು ಡಾಕರ್ ಕೆಲ್ಟ್‌ನರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆದರಿದವರು ಅಪಾಯವನ್ನು ದೊಡ್ಡದಾಗಿ ಕಂಡರೆ ಸಿಟ್ಟಾದವರು ಚಿಕ್ಕದಾಗಿ ಕಂಡರು.

ನಿಮ್ಮಲ್ಲಿ ಮೂರೂ ಇರಬಹುದು ಅಂತ ನನ್ನ ಊಹೆ. ಅಪ್ಪ ನೆಟ್ಟ ಮರ ನೋಡಿ ಬೇಸರ ಆದ ದಿನ ಎಲ್ಲ ಕಡಿದು ಹೊಸದು ಹಾಕೋಣ ಅನಿಸುತ್ತದೆ. ಆ ದಿನ ನೀವು ಹುಡುಕುವುದು ರಬ್ಬರ್ ಹಾಕಿ ಗೆದ್ದವರ ಕಥೆ. ಬ್ಯಾಂಕಿನ ಕಂತು ನೆನಪಾದ ದಿನ ಇದ್ದದ್ದು ಇರಲಿ ಅನಿಸುತ್ತದೆ, ಆಗ ಹೊಸ ಬೆಳೆಯಲ್ಲಿ ಸೋತವರ ಕಥೆ ಹುಡುಕುತ್ತೀರಿ. ದುಡ್ಡು ಕೊಟ್ಟು ಮದ್ದು ಬಿಡಿಸಿದ ಮೇಲೂ ಗೊನೆ ಉದುರಿದರೆ ಸಿಟ್ಟು ಬರುತ್ತದೆ, ಅಂಥ ದಿನ ಏನೂ ಹುಡುಕದೆ ಗಿಡಕ್ಕೆ ಆರ್ಡರ್ ಕೊಡುವ ಸಾಧ್ಯತೆ ಜಾಸ್ತಿ. ತೋಟ ಮೂರು ದಿನವೂ ಹಾಗೇ ಇದೆ.

ಇನ್ನು ಖುಷಿಯ ದಿನ. ಧಾರಣೆ ಏರಿದ ಮೆಸೇಜ್ ಬಂದಾಗ ನೀವು ಹುಡುಕುವುದನ್ನೇ ನಿಲ್ಲಿಸುತ್ತೀರಿ, ಅಲ್ವಾ? ಖುಷಿಯಲ್ಲಿರುವವರು ಬೇಗ ತೀರ್ಮಾನ ಮಾಡುತ್ತಾರೆ. 1983ರಲ್ಲಿ ಆಲಿಸ್ ಐಸನ್ ಮತ್ತು ಬಾರ್ಬರಾ ಮೀನ್ಸ್ ಕಾರು ಆರಿಸುವ ಪ್ರಯೋಗದಲ್ಲಿ ಕಂಡದ್ದು ಅದೇ. ಆದರೆ ಐಸನ್ ಅವರ ಮುಂದಿನ ಕೆಲಸ ನೋಡಿದರೆ ಖುಷಿ ಅಂದರೆ ಅಜಾಗ್ರತೆ ಅಂತ ಹೇಳಲಿಕ್ಕಾಗುವುದಿಲ್ಲ. ವಿಷಯ ಮುಖ್ಯ ಅನಿಸಿದಾಗ ಖುಷಿಯಲ್ಲಿದ್ದವರೂ ಎಚ್ಚರದಿಂದಲೇ ಯೋಚಿಸಿದರು. ಇದಕ್ಕೆ ಸೇರಿದ ಇನ್ನೊಂದು ಸಂಗತಿ ನಿಮಗೆ ನೇರವಾಗಿ ಸಹಾಯ ಮಾಡುತ್ತದೆ. ಅದನ್ನು ಸ್ವಲ್ಪ ಆಮೇಲೆ ಹೇಳುತ್ತೇನೆ, ಮೊದಲು ಗುರಿಯ ವಿಷಯ ಮಾತಾಡಬೇಕು.

ಜೀವಾ ಕುಂದಾ ಅನ್ನುವ ಮನಶ್ಶಾಸ್ತ್ರಜ್ಞೆ 1990ರಲ್ಲಿ ಬರೆದ ಒಂದು ಲೇಖನ ಈ ಕ್ಷೇತ್ರದಲ್ಲಿ ಎಲ್ಲರೂ ಓದುವಂಥದ್ದು. ಮನುಷ್ಯ ಯೋಚಿಸುವಾಗ ಅವನ ಗುರಿ ಎರಡು ತರ ಇರಬಹುದು ಅಂತ ಅವರು ಹೇಳಿದರು. ಒಂದು, ಸರಿಯಾದದ್ದು ಯಾವುದು ಅಂತ ತಿಳಿಯುವುದು. ಇನ್ನೊಂದು, ಮೊದಲೇ ಬೇಕಾಗಿರುವ ಉತ್ತರಕ್ಕೆ ಹೋಗಿ ಸೇರುವುದು. ಎರಡನೆಯದರಲ್ಲಿ ಸುಳ್ಳು ಹೇಳಿಕೊಳ್ಳುವುದೇನೂ ಇಲ್ಲ. ಕಾರಣ, ಪುರಾವೆ, ಲೆಕ್ಕ ಎಲ್ಲವೂ ಇರುತ್ತವೆ, ಅವನ್ನು ಆರಿಸುವ ಕೈ ಮಾತ್ರ ಒಂದು ಕಡೆಗೆ ವಾಲಿರುತ್ತದೆ. ಅದಕ್ಕೂ ಮೊದಲಿನ ಒಂದು ಪ್ರಯೋಗದಲ್ಲಿ ಅವರು, ಕಾಫಿಯಲ್ಲಿರುವ ಕೆಫೀನ್ ಹೆಂಗಸರ ಆರೋಗ್ಯಕ್ಕೆ ಕೆಟ್ಟದು ಅನ್ನುವ ಲೇಖನ ಓದಲು ಕೊಟ್ಟಿದ್ದರು. ಅದನ್ನು ಕಡಿಮೆ ನಂಬಿದವರು ಯಾರು? ಜಾಸ್ತಿ ಕಾಫಿ ಕುಡಿಯುವ ಹೆಂಗಸರು. ಕಡಿಮೆ ಕುಡಿಯುವವರಿಗೆ, ಗಂಡಸರಿಗೆ ಆ ಲೇಖನ ಚುಚ್ಚಲಿಲ್ಲ.

ನಮ್ಮ ಕಡೆ ಇದಕ್ಕೆ ಬೇರೆ ಉದಾಹರಣೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂತ ವರ್ಗೀಕರಿಸಿದ ವರದಿ 2004ರಲ್ಲೇ ಬಂದಿದೆ. ಅಡಿಕೆ ಬೆಳೆಯುವ ನಮ್ಮ ಊರುಗಳ ವಾಟ್ಸಾಪ್ ಗುಂಪುಗಳಲ್ಲಿ ಆ ಸುದ್ದಿ ಬಂದಾಗ ಏನಾಗುತ್ತದೆ ಅಂತ ನಿಮಗೂ ಗೊತ್ತು. ಅದರಲ್ಲಿ ತಪ್ಪು ಎಲ್ಲಿದೆ ಅಂತ ಹತ್ತು ಜನ ಹುಡುಕುತ್ತಾರೆ. ಅಡಿಕೆ ಒಳ್ಳೆಯದು ಅನ್ನುವ ಸುದ್ದಿ ಬಂದರೆ ಒಬ್ಬರೂ ಪ್ರಶ್ನೆ ಕೇಳದೆ ಫಾರ್ವರ್ಡ್ ಮಾಡುತ್ತಾರೆ. ನಾನು ಅಡಿಕೆ ಬೆಳೆಯುವವರ ಮೇಲೆ ದೂರು ಹೇಳುತ್ತಿಲ್ಲ. ಅನ್ನ ಕೊಡುವ ಬೆಳೆಯ ಬಗ್ಗೆ ಯಾರಿಗಾದರೂ ಹಾಗೇ ಆಗುತ್ತದೆ. ಟಾಮ್ ಗಿಲೊವಿಚ್ ಇದನ್ನು ಎರಡು ಪ್ರಶ್ನೆಗಳಲ್ಲಿ ಹಿಡಿದಿಟ್ಟರು. ಬೇಕಾದ ಸುದ್ದಿಗೆ ನಾವು "ಇದನ್ನು ನಂಬಬಹುದಾ" ಅಂತ ಕೇಳುತ್ತೇವೆ, ಬೇಡದ್ದಕ್ಕೆ "ಇದನ್ನು ನಂಬಲೇಬೇಕಾ" ಅಂತ. ಮೊದಲನೆಯದಕ್ಕೆ ಒಂದು ಪುರಾವೆ ಸಾಕು. ಎರಡನೆಯದಕ್ಕೆ ಎಷ್ಟು ಕೊಟ್ಟರೂ ಸಾಲುವುದಿಲ್ಲ.

ಪೀಟರ್ ಡಿಟ್ಟೊ ಮತ್ತು ಡೇವಿಡ್ ಲೋಪೆಜ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುತ್ತದೆ. ಎಂಜಲಿನಲ್ಲಿ ಅದ್ದಿದ ಕಾಗದದ ಪಟ್ಟಿಯ ಬಣ್ಣ ಬದಲಾದರೆ ಆರೋಗ್ಯ ಸರಿ ಇದೆ ಅಂತ ಕೆಲವರಿಗೆ ಹೇಳಿದರು, ಬದಲಾದರೆ ತೊಂದರೆ ಇದೆ ಅಂತ ಉಳಿದವರಿಗೆ. ನಿಜಕ್ಕೂ ಆ ಪಟ್ಟಿಯ ಬಣ್ಣ ಬದಲಾಗುವಂಥದ್ದೇ ಅಲ್ಲ. ಬಣ್ಣ ಬದಲಾಗಲಿ ಅಂತ ಆಸೆ ಇದ್ದವರು ಜಾಸ್ತಿ ಹೊತ್ತು ಕಾದರು, ಮತ್ತೆ ಮತ್ತೆ ಅದ್ದಿ ನೋಡಿದರು. ಬದಲಾಗದಿದ್ದರೆ ಒಳ್ಳೆಯದು ಅಂತ ಇದ್ದವರು ಬೇಗ ಮುಗಿಸಿ ಎದ್ದರು. ಅಂದರೆ ಗುರಿ ನಾವು ಏನು ಹುಡುಕುತ್ತೇವೆ ಅನ್ನುವುದನ್ನು ಮಾತ್ರ ಅಲ್ಲ, ಯಾವಾಗ ಸಾಕು ಅನ್ನುತ್ತೇವೆ ಅನ್ನುವುದನ್ನೂ ಆಳುತ್ತದೆ. ನೀವು ಯಾವ ರಾತ್ರಿ ಬೇಗ ಮೊಬೈಲ್ ಕೆಳಗಿಟ್ಟಿರಿ, ಯಾವ ರಾತ್ರಿ ಹನ್ನೆರಡು ಕಳೆಯಿತು ಅಂತ ನೆನಪು ಮಾಡಿಕೊಳ್ಳಿ. ಮನಸ್ಸಿನ ಒಳಗೆ ಯಾವ ಉತ್ತರ ಬೇಕಾಗಿದೆ ಅಂತ ಅದರಿಂದಲೇ ಸ್ವಲ್ಪ ಗೊತ್ತಾಗುತ್ತದೆ.

ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರುತ್ತದೆ. ಹೊರಗಿನವರಿಗೆ ಇದು ಹೊಳೆಯುವುದಿಲ್ಲ. ನಾವು ಒಂದಕ್ಕಿಂತ ಜಾಸ್ತಿ ಭಾಷೆಗಳಲ್ಲಿ ಹುಡುಕಬಲ್ಲೆವು. ಕನ್ನಡದಲ್ಲಿ ಎಲೆಚುಕ್ಕಿ ಅಂತ ಹಾಕಿದರೆ ಹೆಚ್ಚಾಗಿ ಬರುವುದು ತೀರ್ಥಹಳ್ಳಿ, ಶೃಂಗೇರಿ ಕಡೆಯ ತೋಟಗಳು. ಅಲ್ಲಿಯ ಹವೆ ಬೇರೆ, ಅವರು ಮಾಡುವುದು ಕೆಂಪಡಿಕೆ, ನಮ್ಮದು ಅಂಗಳದಲ್ಲಿ ಒಣಗಿಸುವ ಚಾಲಿ. ಅವರ ಮಾರುಕಟ್ಟೆಯ ಲೆಕ್ಕ ನಿಮ್ಮದಲ್ಲ. ಮಲಯಾಳದಲ್ಲಿ ರಬ್ಬರ್ ಅಂತ ಹಾಕಿದರೆ ಕೋಟ್ಟಯಂ ಕಡೆಯವರು ಬರುತ್ತಾರೆ. ಅವರಲ್ಲಿ ತಲೆಮಾರುಗಳ ಅನುಭವ ಇದೆ, ಜೊತೆಗೆ 2011ರ ಎತ್ತರದ ನಂತರ ಧಾರಣೆ ವರ್ಷಗಟ್ಟಲೆ ಕುಸಿದು ಬಿದ್ದಾಗಿನ ಗೋಳು ಕೂಡ ಇದೆ, ಟ್ಯಾಪಿಂಗಿಗೆ, ಅಂದರೆ ಮರದಿಂದ ಹಾಲು ಇಳಿಸಲು, ಜನ ಸಿಗದೆ ಹಾಗೇ ಬಿಟ್ಟ ತೋಟಗಳ ಕಥೆಯೂ ಇದೆ. ಹಾಗಾಗಿ ನೀವು ಅಡಿಕೆಯ ಕಷ್ಟವನ್ನು ಕನ್ನಡದಲ್ಲಿ ಓದಿ, ರಬ್ಬರಿನ ಸುಖವನ್ನು ಪಕ್ಕದ ಮನೆಯವರಿಂದ ತುಳುವಿನಲ್ಲಿ ಕೇಳಿ, ರಬ್ಬರಿನ ಕಷ್ಟ ಇರುವ ಮಲಯಾಳ ಪುಟಗಳನ್ನು ತೆರೆಯದೇ ಇದ್ದರೆ, ಬೇಕಂತ ಮಾಡದೆಯೂ ನಿಮ್ಮ ಹುಡುಕಾಟ ಒಂದೇ ಕಡೆ ಓಡಿರುತ್ತದೆ.

ವಿಡಿಯೋ ಒಂದರ ಹಿಂದೆ ಒಂದು ಬರುವ ಕ್ರಮವೂ ಕೆಟ್ಟದ್ದೇ. ಎವಾ ಯೋನಾಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೇಖನಗಳ ಪಟ್ಟಿಯನ್ನು ಒಟ್ಟಿಗೆ ಮುಂದಿಟ್ಟು ಆರಿಸಲು ಹೇಳಿದಾಗಿನದಕ್ಕಿಂತ ಒಂದೊಂದಾಗಿ ಕೊಡುತ್ತಾ ಹೋದಾಗ ಜನ ತಮ್ಮ ಪರವಾದದ್ದನ್ನೇ ಜಾಸ್ತಿ ಆರಿಸಿಕೊಂಡರು. ಒಂದೊಂದಾಗಿ ನೋಡುವಾಗ ಪ್ರತಿ ಸಲವೂ ನಮ್ಮ ಈಗಿನ ಅಭಿಪ್ರಾಯವೇ ಕಣ್ಣ ಮುಂದೆ ನಿಲ್ಲುತ್ತದೆ. ಮೊಬೈಲಿನ ಕೆಲಸವೇ ಒಂದೊಂದಾಗಿ ಕೊಡುವುದು. ಅದೇ ಯೋನಾಸ್ 2006ರಲ್ಲಿ ಮೂಡಿನ ಬಗ್ಗೆಯೂ ಪ್ರಕಟಿಸಿದರು. ಮನಸ್ಸು ಕೆಟ್ಟಿರುವಾಗ ಜನ ತಮ್ಮ ತೀರ್ಮಾನಕ್ಕೆ ಬೆಂಬಲ ಕೊಡುವ ಮಾಹಿತಿಯ ಕಡೆ ಜಾಸ್ತಿ ವಾಲಿದರು. ಬೇಜಾರಿನಲ್ಲಿದ್ದವರು ವಿವರಗಳನ್ನು ಎಚ್ಚರದಿಂದ ನೋಡುತ್ತಾರೆ ಅನ್ನುವ ಮಾತೂ ನಮ್ಮ ಕ್ಷೇತ್ರದಲ್ಲಿದೆ, ಅದೂ ಸುಳ್ಳಲ್ಲ. ಕೈಗೆ ಬಂದದ್ದನ್ನು ಎಚ್ಚರದಿಂದ ಓದುತ್ತಾ, ಕೈಗೆ ತೆಗೆದುಕೊಳ್ಳುವಾಗ ಒಂದೇ ಕಡೆಯದನ್ನು ತೆಗೆದುಕೊಳ್ಳಲು ಸಾಧ್ಯ. ಅಂಥವರಿಗೆ ತಾನು ತುಂಬಾ ಆಳವಾಗಿ ಓದಿದ್ದೇನೆ ಅನ್ನುವ ಧೈರ್ಯ ಬೇರೆ ಬಂದುಬಿಡುತ್ತದೆ. ನಿಮ್ಮ ಪತ್ರದ "ಇಷ್ಟು ಓದಿದರೂ" ಅನ್ನುವ ಮಾತು ಓದುವಾಗ ನನಗೆ ಇದೇ ನೆನಪಾಯಿತು.

ಹಾಗಾದರೆ ಏನು ಮಾಡುವುದು?

ಹುಡುಕುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಮೊಬೈಲ್ ಬೇಡ. ಈಗ ನನ್ನ ಮನಸ್ಸು ಹೇಗಿದೆ, ಯಾವ ಕಾರಣಕ್ಕೆ ಹಾಗಿದೆ ಅಂತ ಒಂದು ಸಾಲು ಬರೆಯಿರಿ. "ಬೇಸರ, ಇವತ್ತು ಇನ್ನಷ್ಟು ಗೊನೆ ಉದುರಿದೆ" ಅಂತ ಬರೆದರೆ ಸಾಕು. ಹವಾಮಾನ ಹೇಗಿದೆ ಅಂತ ಮೊದಲು ಕೇಳಿದ ಹಾಗೆ ಅದು, ಮೂಡಿಗೆ ಅದರ ನಿಜವಾದ ಕಾರಣ ಕೊಟ್ಟರೆ ಅದು ಬೇರೆ ಲೆಕ್ಕದೊಳಗೆ ನುಗ್ಗುವುದು ಕಡಿಮೆಯಾಗುತ್ತದೆ. ಅದರ ಕೆಳಗೆ, ಇವತ್ತು ನನಗೆ ಬೇಕಾಗಿರುವ ಉತ್ತರ ಯಾವುದು ಅಂತ ಬರೆಯಿರಿ. ಇದು ಕಷ್ಟ. ಆದರೆ ಪ್ರಾಮಾಣಿಕವಾಗಿ ಬರೆದರೆ ಆ ದಿನದ ಹುಡುಕಾಟದಲ್ಲಿ ಯಾವುದನ್ನು ಅನುಮಾನದಿಂದ ನೋಡಬೇಕು ಅಂತ ತಿಳಿಯುತ್ತದೆ.

ಆಮೇಲೆ ಪ್ರಶ್ನೆಯನ್ನು ಚಿಕ್ಕದು ಮಾಡಿ. "ಅಡಿಕೆಗೆ ಭವಿಷ್ಯ ಇದೆಯಾ" ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಎಷ್ಟು ವರ್ಷ ಬೇಕಾದರೂ ಹುಡುಕುತ್ತಾ ಇರಬಹುದು. ನನ್ನ ತೋಟದಲ್ಲಿ ಎಷ್ಟು ಮರಕ್ಕೆ ತಗಲಿದೆ, ಎಷ್ಟು ಮರದ ಫಸಲು ನಿಜವಾಗಿ ಇಳಿದಿದೆ, ಕಳೆದ ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಸರಿಯಾದ ಹೊತ್ತಿಗೆ ಬಿಟ್ಟಿದ್ದೇವಾ, ಅಳತೆ ಸರಿ ಇತ್ತಾ, ಹೊಸ ಬೆಳೆ ಕೈಗೆ ಬರುವವರೆಗೆ ಮನೆ ನಡೆಯುವುದು ಹೇಗೆ, ಎಲ್ಲ ಒಟ್ಟಿಗೆ ಕಡಿಯದೆ ಒಂದು ಭಾಗ ಮಾತ್ರ ಬದಲಿಸಿದರೆ ಏನಾಗುತ್ತದೆ. ಇಂಥವಕ್ಕೆ ಉತ್ತರ ಇದೆ. ಮಹಾಳಿಗೆ ಬಿಡುವ ಶೇಕಡಾ 1ರ ಬೋರ್ಡೊ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಮೊದಲ ಸಲದ್ದು ಮಳೆ ಹಿಡಿಯುವ ಮೊದಲೇ ಆಗಬೇಕು. ಇದು ನಿಮಗೆ ಗೊತ್ತಿರುತ್ತದೆ. ಆದರೆ ಕೆಲಸದವರು ಸಿಗದೆ ತಡವಾದ ವರ್ಷದ ನಷ್ಟವನ್ನೂ ಬೆಳೆಯ ಲೆಕ್ಕಕ್ಕೇ ಬರೆಯುತ್ತಿದ್ದೀರಾ ಅಂತ ನೋಡಿ. ಬೇಸರದ ದಿನ ಈ ವ್ಯತ್ಯಾಸ ಕಾಣುವುದಿಲ್ಲ.

ಉತ್ತರ ಕೊಡುವವರು ಹತ್ತಿರದಲ್ಲೇ ಇದ್ದಾರೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾದದ್ದು. ಅಡಿಕೆಯ ಕೆಲಸ ಮಾಡುವ ಅದರ ವಿಟ್ಲದ ಕೇಂದ್ರ ನಿಮಗೆ ದೂರವೇನಲ್ಲ. ಪಂಚಾಯತಿನ ಕೃಷಿಭವನ ಇದೆ. ರಬ್ಬರಿಗೆ ರಬ್ಬರ್ ಬೋರ್ಡ್ ಇದೆ. ಹೋಗುವಾಗ "ಕಡಿಯುವುದೇ ಒಳ್ಳೆಯದಲ್ವಾ ಸಾರ್" ಅಂತ ಶುರುಮಾಡಬೇಡಿ. ಸೋಗೆಯ ಫೋಟೋ ತೋರಿಸಿ, ಆಗಲೇ ಹೇಳಿದ ಲೆಕ್ಕ ಕೊಡಿ, ನಿಮ್ಮ ಅಭಿಪ್ರಾಯ ಬಾಯಿಬಿಡದೆ ಅವರದು ಕೇಳಿ. ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 2, 4, 6 ಅನ್ನುವ ಅಂಕಿಗಳ ಹಿಂದಿನ ನಿಯಮ ಕಂಡುಹಿಡಿಯಲು ಕೇಳಿದಾಗ, ಹೆಚ್ಚಿನವರು ತಮ್ಮ ಊಹೆಗೆ ಹೌದು ಅನ್ನಿಸಿಕೊಳ್ಳುವ ಅಂಕಿಗಳನ್ನೇ ಕೇಳುತ್ತಾ ಹೋದರು. ಎರಡೆರಡು ಏರಬೇಕು ಅಂದುಕೊಂಡರು. ನಿಯಮ ಇದ್ದದ್ದು ಸುಮ್ನೆ ಏರುವ ಅಂಕಿಗಳು ಅಂತ ಮಾತ್ರ. ಒಮ್ಮೆ 'ಅಲ್ಲ' ಅನ್ನಿಸಿಕೊಳ್ಳುವ ಪ್ರಶ್ನೆ ಕೇಳಿದ್ದರೆ ದಾರಿ ಸಿಗುತ್ತಿತ್ತು. ನೀವೂ ಹಾಗೆ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಏನು ಗೊತ್ತಾದರೆ ನಾನು ಕಡಿಯುವ ಯೋಚನೆ ಬಿಡುತ್ತೇನೆ? ಏನು ಗೊತ್ತಾದರೆ ಇಟ್ಟುಕೊಳ್ಳುವ ಯೋಚನೆ ಬಿಡುತ್ತೇನೆ? ಎರಡಕ್ಕೂ ಉತ್ತರ ಬರೆಯಲು ಆಗದಿದ್ದರೆ ಇನ್ನಷ್ಟು ವಿಡಿಯೋ ನೋಡಿ ಪ್ರಯೋಜನ ಇಲ್ಲ.

ನಿಲ್ಲಿಸುವುದು ಯಾವಾಗ ಅಂತಲೂ ಮೊದಲೇ ಬರೆದಿಡಿ. ಎಲ್ಲಕ್ಕಿಂತ ಒಳ್ಳೆಯದು ಸಿಗುವವರೆಗೆ ಹುಡುಕಲು ಮನುಷ್ಯನಿಗೆ ಹೊತ್ತೂ ಇಲ್ಲ, ಶಕ್ತಿಯೂ ಇಲ್ಲ, ಹಾಗಾಗಿ 'ಇಷ್ಟಿದ್ದರೆ ಸಾಕು' ಅನ್ನುವ ಮಟ್ಟ ಇಟ್ಟುಕೊಂಡು ಅದು ಸಿಕ್ಕಿದಲ್ಲಿ ನಿಲ್ಲುತ್ತಾನೆ ಅಂತ ಹರ್ಬರ್ಟ್ ಸೈಮನ್ 1956ರಲ್ಲೇ ಬರೆದರು. 1978ರ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿದ್ದು ಅವರಿಗೆ. ಶೀನಾ ಅಯ್ಯಂಗಾರ್ ಮತ್ತು ಸಂಗಡಿಗರು 2006ರಲ್ಲಿ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ್ದು ಇದಕ್ಕೆ ಸೇರುತ್ತದೆ. ಎಲ್ಲಕ್ಕಿಂತ ಒಳ್ಳೆಯದೇ ಬೇಕು ಅಂತ ಹಟ ಹಿಡಿದವರಿಗೆ ಶೇಕಡಾ 20ರಷ್ಟು ಜಾಸ್ತಿ ಸಂಬಳ ಸಿಕ್ಕಿತು, ಆದರೆ ಅವರಿಗೇ ಸಮಾಧಾನ ಕಡಿಮೆ ಇತ್ತು.

ಆಗ ಹೇಳುತ್ತೇನೆ ಅಂದ ವಿಷಯ ಈಗ. ರಘುನಾಥನ್ ಮತ್ತು ಯಾಕೋವ್ ಟ್ರೋಪ್ 2002ರಲ್ಲಿ ಮತ್ತೆ ಅದೇ ಕೆಫೀನ್ ವಿಷಯ ತೆಗೆದುಕೊಂಡರು. ಜಾಸ್ತಿ ಕಾಫಿ ಕುಡಿಯುವವರಲ್ಲೇ, ಒಳ್ಳೆಯ ಮೂಡಿನಲ್ಲಿದ್ದವರು ಕೆಫೀನಿನ ಕೆಡುಕಿನ ಬಗ್ಗೆ ಜಾಸ್ತಿ ಗಮನ ಕೊಟ್ಟು ಓದಿದರು, ಜಾಸ್ತಿ ನೆನಪಿಟ್ಟುಕೊಂಡರು. ಕಹಿ ವಿಷಯ ತಡೆದುಕೊಳ್ಳುವ ಶಕ್ತಿ ಒಳ್ಳೆಯ ಮೂಡು ಕೊಡುತ್ತದೆ. ನೀವು ಈಗ ಮಾಡುತ್ತಿರುವುದು ತದ್ವಿರುದ್ಧ. ಕೆಟ್ಟ ಸುದ್ದಿಯನ್ನು ಕೆಟ್ಟ ರಾತ್ರಿಯಲ್ಲಿ ಓದುತ್ತೀರಿ, ಧಾರಣೆ ಏರಿದ ಒಳ್ಳೆಯ ದಿನ ಏನೂ ಓದುವುದಿಲ್ಲ. ಇದನ್ನು ತಿರುಗಿಸಿ. ಮನಸ್ಸು ಹಗುರ ಇರುವ ಬೆಳಿಗ್ಗೆ, ಹೊಟ್ಟೆ ತುಂಬಿರುವಾಗ, ನಿಮಗೆ ಬೇಡವಾದ ಪುಟಗಳನ್ನು ತೆರೆಯಿರಿ. ರಾತ್ರಿ ಒಂಬತ್ತರ ಮೇಲೆ ತೋಟದ ವಿಷಯ ಹುಡುಕುವುದು ಬೇಡ, ಇದೊಂದನ್ನು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ.

ನಿಮ್ಮ ಹೆಂಡತಿ ಹೇಳುವುದರಲ್ಲಿ ಹುರುಳಿದೆ. ಆದರೆ ಅದು ನಿಮ್ಮೊಬ್ಬರ ದೋಷ ಅಂದುಕೊಳ್ಳಬೇಡಿ. ಇಂಥ ಹತ್ತಾರು ಅಧ್ಯಯನಗಳನ್ನು ಒಟ್ಟುಸೇರಿಸಿ 2009ರಲ್ಲಿ ವಿಲಿಯಂ ಹಾರ್ಟ್ ಮತ್ತು ಸಂಗಡಿಗರು ನೋಡಿದಾಗ, ಜನ ತಮಗೆ ಒಪ್ಪುವ ಮಾಹಿತಿಯನ್ನು ಆರಿಸುವ ಸಾಧ್ಯತೆ ಒಪ್ಪದ್ದನ್ನು ಆರಿಸುವುದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ವಿರುದ್ಧವಾದ ಮಾಹಿತಿಯೇ ಕೆಲಸಕ್ಕೆ ಬರುತ್ತದೆ ಅಂತ ಅನಿಸಿದಾಗ ಅವರು ಅದನ್ನೂ ಹುಡುಕಿದರು. ಹಾಗಾಗಿ ಆಕೆಗೆ ಆ ಕೆಲಸವನ್ನೇ ಕೊಡಿ. ಕಡಿಯುವುದರ ವಿರುದ್ಧ ಏನೇನು ಇದೆ ಅಂತ ಒಂದು ವಾರ ಆಕೆ ವಿಚಾರಿಸಲಿ, ನೀವು ಇಟ್ಟುಕೊಳ್ಳುವುದರ ವಿರುದ್ಧ ವಿಚಾರಿಸಿ. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಒಂದೇ ಸಲ ಮೇಜಿನ ಮೇಲಿಟ್ಟು ನೋಡಿ, ಒಂದೊಂದಾಗಿ ಬೇಡ.

ತಮ್ಮನ ವಿಷಯ ಉಳಿಯಿತು. ಯಾರಿಗೆ ಕಾರಣ ಕೊಡಬೇಕೋ ಅವರ ಅಭಿಪ್ರಾಯ ಮೊದಲೇ ಗೊತ್ತಿದ್ದರೆ ನಾವು ಅದಕ್ಕೆ ಸರಿಯಾಗಿ ಬಾಗುತ್ತೇವೆ, ಗೊತ್ತಿಲ್ಲದಿದ್ದರೆ ಎರಡೂ ಕಡೆ ಯೋಚಿಸುತ್ತೇವೆ ಅಂತ ಫಿಲಿಪ್ ಟೆಟ್ಲಾಕ್ ಅವರ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಅವನಿಗೆ ಫೋನ್ ಮಾಡಿ ಅವನ ಮನಸ್ಸು ತಿಳಿಯುವ ಮೊದಲೇ ನಿಮ್ಮ ಕಾಗದ ಪೂರ್ತಿ ಬರೆದು ಮುಗಿಸಿ. ಫೋನಿನಲ್ಲಿ "ಕಡಿಯೋಣವಾ" ಅಂತ ಕೇಳಬೇಡಿ. ಹೊಸ ಅಡಿಕೆ ಸಸಿ ಹಾಕಿದರೆ ಫಸಲು ಶುರುವಾಗಲು ಐದಾರು ವರ್ಷ, ರಬ್ಬರ್ ಹಾಕಿದರೆ ಟ್ಯಾಪಿಂಗಿಗೆ ಬರಲು ಸುಮಾರು ಏಳು ವರ್ಷ, ಅಷ್ಟು ದಿನ ತೋಟದಿಂದ ನಿನ್ನ ಪಾಲಿಗೆ ಏನೂ ಬಾರದಿದ್ದರೆ ನಡೆಯುತ್ತದಾ, ಖರ್ಚಿನಲ್ಲಿ ನೀನು ಎಷ್ಟು ಹಾಕಬಲ್ಲೆ ಅಂತ ಕೇಳಿ. ಅವನು ಹೇಳಿದ ಮೊತ್ತವನ್ನು ಅದೇ ಕಾಗದದ ಮೇಲೆ ಬರೆದುಕೊಳ್ಳಿ.